ಖಾಲಿ ಅಂಗಳಕ್ಕೆ ‘ಸಾವಧಾನ್’

ಜೋಗೇಶ್ವರಿಯ ಕಾಲೇಜೊಂದರ ಅಂಗಳ, ಇನ್ನೂ ನಸುಕು. ಡ್ರಿಲ್ ಮಾಸ್ತರ ಕಾಶಪ್ಪ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಎದೆ ಸೆಟೆಸಿ ನಿಂತು ಕೂಗುತ್ತಾರೆ: “ಸಾವಧಾನ್!” ಗೋಡೆಯ ಮೇಲಿನ ಕಾಗೆ ಹಾರಿಹೋಗುತ್ತದೆ. ಗೆರೆಯ ಮೇಲೆ ನಿಲ್ಲಬೇಕಾದ ಹುಡುಗರು ಒಬ್ಬರೂ ಇಲ್ಲ. ಆದರೂ ಅವರು ಕೈ ಎತ್ತುತ್ತಾರೆ, ಬಗ್ಗುತ್ತಾರೆ, ಏಕ್ ದೋ ತೀನ್ ಎನ್ನುತ್ತಾರೆ. ಇವತ್ತು ಇಲ್ಲಿ ಕೊನೆಯ ಡ್ರಿಲ್. ಬರುವ ಜೂನ್‌ನಿಂದ, ೧೯೮೭ರ ಹೊಸ ಶೈಕ್ಷಣಿಕ ವರ್ಷಕ್ಕೆ, ಅದು ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಕಾಶಪ್ಪನವರನ್ನು ಗೇಟಿನ ಕಾವಲಿಗೆ ಹಾಕುತ್ತಾರೆ.

ಸಿಂದಗಿ ಕಡೆಯ ಕಾಶಪ್ಪ ಈ ಕೆಲಸಕ್ಕೆ ಬಂದದ್ದೇ ಒಂದು ತಮಾಷೆ. ಕಾಂದಿವಲಿಯ ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ತೂತು ಕೊರೆಯುವ ಡ್ರಿಲ್ ಮಷೀನು ನಡೆಸುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿತು. ಕಾಲೇಜಿನಲ್ಲಿ ಡ್ರಿಲ್‌ಗೆ ಆಳು ಬೇಕಂತೆ ಎಂದು ಯಾರೋ ಹೇಳಿದರು.

“ಮಷೀನ್ ಎಲ್ಲೈತ್ರಿ ಅಂತ ಕೇಳಿದ್ನಿರಿ. ಆಗಿನ ಪ್ರಿನ್ಸಿಪಾಲ್ರು ಹೊಟ್ಟಿ ಹಿಡಕೊಂಡು ನಕ್ರು. ನೀನೇ ಮಷೀನ್ ಅಂದ್ರು,” ಎಂದು ಕಾಶಪ್ಪ ಈಗಲೂ ನಗುತ್ತಾರೆ. ಊರಿನ ಗರಡಿಯಲ್ಲಿ ಪಳಗಿದ ಮೈ. ಉಳಿದದ್ದನ್ನು ಇಲ್ಲೇ ಕಲಿತರು.

ಆದರೆ ಕಲಿಯುವವರೇ ಬರಲಿಲ್ಲ. ಮೈ ಬಗ್ಗಿಸುವುದು ಹಮಾಲರ ಕೆಲಸ, ನಮ್ಮ ಮಗ ಓದಲಿ ಎಂದರು ತಾಯ್ತಂದೆಯರು. ಲೋಕಲ್ ರೈಲಿನಲ್ಲಿ ನೇತಾಡಿ ಬರುವುದೇ ಡ್ರಿಲ್ಲು ಎಂದರು ಮಕ್ಕಳು. ಈಗಿನ ಪ್ರಿನ್ಸಿಪಾಲ್ ಸತ್ಯಮೂರ್ತಿಯವರು ಮೈಸೂರಿನ ಕಡೆಯವರು, ಒಳ್ಳೆಯವರೇ. “ಮೈ ದಣಿದ್ರೆ ಹುಡುಗರು ಪಾಠದಲ್ಲಿ ತೂಕಡಿಸ್ತಾರೆ ಕಾಶಪ್ಪ. ಬುದ್ಧಿ ಬೆಳೆಯೋ ವಯಸ್ಸು, ಇದನ್ನ ಬಿಟ್ಟುಬಿಡೋಣ,” ಎಂದರಂತೆ. ತಲೆ ಕೂತಿರುವುದೂ ಮೈಯ ಮೇಲೆಯೇ ಎಂದು ಯಾರು ಹೇಳಬೇಕು?

ಸಂಬಳಕ್ಕೇನೂ ಕುತ್ತಿಲ್ಲ. ಆದರೂ ಕಾಶಪ್ಪನವರಿಗೆ ಸಂಕಟ. ಹೆಂಡತಿ ಚನ್ನವ್ವ ತೀರಿಕೊಂಡ ಮೇಲೆ ಚಾಳಿನ ಖೋಲಿಯಲ್ಲಿ ಅವರೊಬ್ಬರೇ.

“ಖೋಲಿಯೊಳಗ ಯಾರ ಕೂಡ ಮಾತಾಡ್ಲಿ? ದಿನಾ ನನ್ನ ದನಿ ನನಗ ಕೇಳೋದು ಇಲ್ಲೇ ನೋಡ್ರಿ. ಗೇಟಿನಾಗ ಬರೇ ಸಲಾಮ್ ಹೊಡಿಯೋದು.” ಇಷ್ಟು ಹೇಳಿ ಅವರು ಮಾಸಿದ ಗೆರೆಯನ್ನು ಮತ್ತೆ ತಿದ್ದುತ್ತಾರೆ.

ಏಳರ ಗಂಟೆ ಹೊಡೆಯುತ್ತದೆ. ಹುಡುಗರು ಸುಣ್ಣದ ಗೆರೆ ತುಳಿದುಕೊಂಡು ತರಗತಿಗೆ ಓಡುತ್ತಾರೆ. ಡ್ರಿಲ್ ಮುಗಿಯಿತು, ಹೊರಡಿ ಎಂದು ಕಳಿಸುವ ‘ವಿಸರ್ಜನ್’ ಎಂಬ ಕೂಗೊಂದು ಬಾಕಿ ಇದೆ. ಕಾಶಪ್ಪ ಅದನ್ನು ಕೂಗುವುದಿಲ್ಲ. ಸೀಟಿಯನ್ನು ಒರೆಸಿ ಕಿಸೆಗೆ ಹಾಕಿಕೊಳ್ಳುತ್ತಾರೆ.

“ಬಂದವ್ರಿಗೆ ಹೋಗ್ರಿ ಅನ್ನಬಹುದು. ಬರದವ್ರಿಗೆ ಹ್ಯಾಂಗ ಅನ್ಲಿ?” ಎನ್ನುತ್ತಾ ಗೇಟಿನ ಕಡೆ ಹೆಜ್ಜೆ ಹಾಕುತ್ತಾರೆ. “ವಿಸರ್ಜನ್ ಅಂದಿಲ್ಲಲ್ರಿ, ನನ್ನ ಡ್ರಿಲ್ ಇನ್ನೂ ಮುಗದಿಲ್ಲ.”