ಮಡಿಲಕ್ಕಿ ಹೊತ್ತು ಕೋರಮಂಡಲಿಗೆ

ಕೋಳಿ ಕೂಗುವ ಮೊದಲೇ ಶಶಿರೇಖ ಕೊಟ್ಟಿಗೆಯ ಸಗಣಿ ಬಾಚುತ್ತಾಳೆ. ಸೀಮೆಹಸುಗಳ ಕೆಚ್ಚಲು ತೊಳೆದು ಹಾಲು ಕರೆಯುತ್ತಾಳೆ. ಡೈರಿಗೆ ಹಾಲು ಹಾಕಿ, ಬರುವಾಗ ಒಂದು ಹೊರೆ ಹುಲ್ಲು ಹೊತ್ತು ತರುತ್ತಾಳೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಾಳೆ. ಒಂದು ಒಲೆಯಲ್ಲಿ ಅತ್ತೆಯ ಸ್ನಾನಕ್ಕೆ ನೀರು, ಇನ್ನೊಂದರಲ್ಲಿ ಮುದ್ದೆಗೆ ಎಸರು. ಹುರುಳಿ ಸಾರು ಕುದಿಸಿ, ಡಬ್ಬಿಗಳನ್ನು ಕಟ್ಟಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಅವನು ಹಾಸಿಗೆಯ ಪಕ್ಕದಲ್ಲೇ ಬಿಟ್ಟ ಕಾಫಿ ಲೋಟ ತೊಳೆಯುವಾಗ ಬೆಳಕು ಹರಿಯುತ್ತದೆ. ಮನೆಯವರಿಗೆ, ದನಗಳಿಗೆ, ತುಳಸಿಗೆ ನೀರು ಕೊಟ್ಟವಳು ತಾನು ಮಾತ್ರ ಒಂದು ಗುಟುಕೂ ಕುಡಿಯುವುದಿಲ್ಲ.

ಅದು ವ್ರತವಲ್ಲ. ಬೂದಿಕೋಟೆಯ ಬಸ್ಸು ಹಿಡಿದು ಬಂಗಾರಪೇಟೆಯ ಹೊರಗಿನ ಗಾರ್ಮೆಂಟ್ಸಿಗೆ ಹೋಗುವ ಯಾವ ಹೆಂಗಸೂ ಬೆಳಿಗ್ಗೆ ನೀರು ಕುಡಿಯುವುದಿಲ್ಲ. ಅಲ್ಲಿ ಒಂದು ಸಾಲಿನ ಹೆಂಗಸರಿಗೆಲ್ಲ ಸೇರಿ ಒಂದೇ ಬಿಲ್ಲೆ. ಕೆಂಪು ದಾರ ಕಟ್ಟಿದ ಆ ಪ್ಲಾಸ್ಟಿಕ್ ಬಿಲ್ಲೆ ಕೊರಳಲ್ಲಿದ್ದರೆ ಮಾತ್ರ ಕಕ್ಕಸಿಗೆ ಬಿಡುತ್ತಾರೆ. ಒಬ್ಬಳು ಹೋಗಿ ಬರುವವರೆಗೆ ಉಳಿದವರು ತೊಡೆ ಬಿಗಿ ಹಿಡಿದು ಹೊಲಿಯಬೇಕು. ಬಿಲ್ಲೆ ಇರುವುದು ಸೂಪರ್‌ವೈಸರ್ ವಿಜಯಕುಮಾರನ ಮೇಜಿನ ಮೇಲೆ. ಅದನ್ನು ಬೆರಳಿಗೆ ಸುತ್ತಿ ತಿರುಗಿಸುತ್ತಾ, "ಮತ್ತೇನಮ್ಮ ನಿಂದು?" ಎಂದು ಅವನು ಜೋರಾಗಿ ಕೇಳುತ್ತಾನೆ. ಅವನಷ್ಟೇ ಜೋರಾಗಿ ಉತ್ತರ ಹೇಳಬೇಕು. ಉಚ್ಚೆಯ ಸಂಕಟದಿಂದ, ಉರಿಯಿಂದ, ಜ್ವರದಿಂದ ಹೆಂಗಸರು ಕೆಲಸ ಬಿಡುತ್ತಾರೆ. ಹೊಸಬರು ಬರುತ್ತಾರೆ, ಕೈ ಕುದುರುವ ಹೊತ್ತಿಗೆ ಅವರೂ ಬಿಡುತ್ತಾರೆ.

ಹೆಂಗಸರು ಯಾಕೆ ನಿಲ್ಲುವುದಿಲ್ಲ ಎಂದು ಕಂಡುಹಿಡಿಯಲು ಕಂಪನಿಯವರು ಶ್ರೀಧರ್ ಎಂಬ ಅಧಿಕಾರಿಯನ್ನು ಕಳಿಸಿದರು. ಅವನು ಬಾಗಿಲು ಹಾಕಿಕೊಂಡು ಗಂಡಸರ ಜೊತೆ ಮೀಟಿಂಗ್ ಮಾಡಿದ. ಮದುವೆ, ಬಸಿರು, ಹಬ್ಬ, ಹಳ್ಳಿಯವರ ಸೋಮಾರಿತನ ಎಂದು ಕಾರಣಗಳು ಹೊರಬಂದವು. ಮೀಟಿಂಗಿನ ನಡುವೆ ಆ ಗಂಡಸರೆಲ್ಲ ಒಬ್ಬೊಬ್ಬರಾಗಿ ಎದ್ದು ಕಕ್ಕಸಿಗೆ ಹೋಗಿ ಬಂದರು. ಅವರನ್ನು ಯಾರೂ ಬಿಲ್ಲೆ ಕೇಳಲಿಲ್ಲ.

ಕೊನೆಗೆ ಶ್ರೀಧರನಿಗೆ ಒಂದು ಉಪಾಯ ಹೊಳೆಯಿತು. ಕಂಪನಿಯನ್ನು ತವರು ಎಂದು ಕರೆಯುವುದು. ಗೌರಿ ಹಬ್ಬದ ಸಮಯಕ್ಕೆ ಶಾಮಿಯಾನ ಹಾಕಿಸಿ ಎಲ್ಲ ಹೆಂಗಸರಿಗೂ ಮಡಿಲಕ್ಕಿ ತುಂಬಿಸಿದ: ಅಕ್ಕಿ, ಕೊಬ್ಬರಿ, ಬೆಲ್ಲ, ಬಳೆ, ಒಂದು ರವಿಕೆ ಕಣ. ಸೀರೆ ಮಾತ್ರ ಅತ್ತೆಯರಿಗೆ. ಮನೆಯಲ್ಲಿ ಸೊಸೆಯನ್ನು ಹೊರಡಿಸುವವಳು ಅತ್ತೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಶಶಿರೇಖಳ ಅತ್ತೆ ಮುತ್ಯಾಲಮ್ಮ ಸೀರೆಯನ್ನು ಎದೆಗವಚಿಕೊಂಡು ಮೈಕಿನ ಮುಂದೆ ನಿಂತಳು.

"ನಮ್ ಸೊಸೆ ಎಲ್ಲೂ ಓಗಲ್ಲ ಸಾಮಿ. ನಾನ್ ಬಿಟ್ರೆ ತಾನೆ!"

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಶಶಿರೇಖಳ ಗಂಡ ಬಾಲಾಜಿಯೂ ತಟ್ಟಿದ. ಅವನು ಪೆಟ್ರೋಲ್ ಬಂಕು ಬಿಟ್ಟಿದ್ದ, ಗೊಬ್ಬರದ ಅಂಗಡಿ ಬಿಟ್ಟಿದ್ದ, ಮಾಲಿಕ ಏಕವಚನದಲ್ಲಿ ಕರೆದನೆಂದು ಟೆಂಪೋ ಓಡಿಸುವುದನ್ನೂ ಬಿಟ್ಟಿದ್ದ. ಅವನು ಬಿಟ್ಟರೆ ಅದು ಮಾನದ ಪ್ರಶ್ನೆ. ಮನೆಗೆ ಬಂದು ಮಲಗಿದವನಿಗೆ ಹೆಂಡತಿ ಮುದ್ದೆ ತಿರುವಿ ಬಡಿಸುತ್ತಿದ್ದಳು.

ಶಶಿರೇಖಳ ನಾಲಿಗೆ ಮೆದು. ಅದನ್ನೂ ಶ್ರೀಧರ್ ಗುರುತಿಸಿದ್ದ. ಬಿಟ್ಟುಹೋದವರ ಮನೆಗೆ ಮಡಿಲಕ್ಕಿ ಹೊತ್ತು ಹೋಗಿ, ಸೆರಗೊಡ್ಡಿಸಿ ತುಂಬಿ, ತವರಿಗೆ ಬಾ ಎಂದು ಕರೆತರುವ ಕೆಲಸ ಅವಳಿಗೆ ಬಿತ್ತು. ಒಡ್ಡಿದ ಮಡಿಲಿಗೆ ಅಕ್ಕಿ ಬಿದ್ದ ಮೇಲೆ ಇಲ್ಲವೆನ್ನುವ ಧೈರ್ಯ ಈ ಸೀಮೆಯ ಹೆಂಗಸರಿಗಿಲ್ಲ. ಹಲವರು ವಾಪಸು ಬಂದರು.

ಈ ಸಲ ಅವಳು ಹೋಗಬೇಕಾದದ್ದು ಮುಚ್ಚಿದ ಚಿನ್ನದ ಗಣಿಯ ಊರು ಕೋರಮಂಡಲಿಗೆ, ಸಹನಳ ಮನೆಗೆ. ಕಾಲರ್ ಹೊಲಿಯುವುದರಲ್ಲಿ ಸಹನಳಷ್ಟು ಚುರುಕು ಕೈ ಆ ಸಾಲಿನಲ್ಲಿ ಇರಲಿಲ್ಲ.

"ಅವಳನ್ನ ಕರ್ಕೊಂಡ್ ಬನ್ನಿ, ನಿಮ್ಮನ್ನ ಸೂಪರ್‌ವೈಸರ್ ಮಾಡ್ತೀನಿ" ಎಂದ ಶ್ರೀಧರ್.

ಶಶಿರೇಖಳ ತಲೆಗೆ ಮೊದಲು ಬಂದದ್ದು ಕುರ್ಚಿಯೂ ಅಲ್ಲ, ಫ್ಯಾನೂ ಅಲ್ಲ. ಸೂಪರ್‌ವೈಸರಿಗೆ ಬಿಲ್ಲೆ ಬೇಡ. ಬೇಕೆನಿಸಿದಾಗ ಎದ್ದು ಹೋಗಬಹುದು, ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿಯಬಹುದು. ಒಬ್ಬ ಹೆಂಗಸು ಇಷ್ಟಕ್ಕೆ ಆಸೆಪಡುವಂತೆ ಮಾಡಿದ ಜಾಗದ ಹೆಸರು ತವರು.

ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲಿಳಿದು, ಗಾಳಿಗೆ ಗಣಿಯ ದಿಬ್ಬದ ಪುಡಿ ಏಳುತ್ತಿದ್ದ ದಾರಿಯಲ್ಲಿ ಅವಳು ನಡೆದಳು. ಕಂಕುಳಲ್ಲಿ ಅಕ್ಕಿಯ ಗಂಟು. ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಒಂದು ತಗ್ಗು ಮನೆಯ ಮುಂದೆ ಸಹನಳ ತಾಯಿ ಇಂದ್ರಾಣಿ ಪಾತ್ರೆ ಉಜ್ಜುತ್ತಿದ್ದಳು. ಗಂಟು ನೋಡಿದವಳೇ ನಕ್ಕಳು.

"ವಾಮ್ಮಾ, ಬಾ. ನಿಮ್ ಕಂಪ್ನಿ ಅಕ್ಕಿ ಇಲ್ಲೀಗೂ ಬಂತಾ?"

"ಎಂಗಿದ್ದೀರಕ್ಕ? ಸಹನ ಮನೇಲವ್ಳಾ?"

"ಇರ್ತಾಳೆ, ಎಲ್ಲಿ ಓಯ್ತಾಳೆ. ಯಾಕ್ ಬಿಟ್ಳು ಅಂತ ನಂಗಂತೂ ಬಾಯಿ ಬಿಟ್ಟಿಲ್ಲ. ನೀನೇ ಕೇಳು."

ಒಳಗೆ ಸಹನ ಗೋಡೆಗೊರಗಿ ಕೂತಿದ್ದಳು. ಶಶಿರೇಖ ಎಂದಿನ ಮೆದು ದನಿ ತೆಗೆದಳು. "ಏನಮ್ಮಿ, ಅಕ್ಕನ್ನ ಮರ್ತೇಬಿಟ್ಟಾ? ನಿನ್ ಮಿಷನ್ನು ಅಂಗೇ ಬಿದ್ದದೆ. ಬಂದ್ಬುಡು ಕಣೇ."

"ಸ್ಟೂಲು?" ಎಂದಳು ಸಹನ. "ಸ್ಟೂಲೂ ಅಂಗೇ ಐತಾ ಅಕ್ಕ?"

ಶಶಿರೇಖ ಕಂಕುಳ ಗಂಟನ್ನು ನೆಲಕ್ಕಿಳಿಸಿದಳು.

ಹಿಂದಿನ ವಾರ ಸಹನ ಮುಟ್ಟಾಗಿದ್ದಳು. ಬಿಲ್ಲೆ ಬೇರೊಬ್ಬಳ ಕೊರಳಲ್ಲಿತ್ತು. ಎರಡು ಸಲ ಎದ್ದು ಕೇಳಿದಳು. "ಈಗ್ತಾನೆ ಓಗ್ಬಂದ್ಯಲ್ಲ, ಅಲ್ಲೇ ಮನೆ ಮಾಡ್ಕಂಡಿದೀಯೇನು?" ಎಂದ ವಿಜಯಕುಮಾರ. ಕೆಲವು ಹೆಂಗಸರೂ ನಕ್ಕರು. ಸ್ವಲ್ಪ ಹೊತ್ತಿಗೆ ಸ್ಟೂಲು ನೆನೆಯಿತು. ಅವನು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಥೂ ಎಂದ. ಎಲ್ಲರೂ ನೋಡುತ್ತಿದ್ದಂತೆ ಅವಳ ಕೈಯಲ್ಲೇ ಸ್ಟೂಲು ಉಜ್ಜಿಸಿದ. ನೆತ್ತರು ಕಂಡು ಅವನಿಗೆ ಅಸಹ್ಯವಾಯಿತಂತೆ. ಅವನನ್ನು ಕಂಡು ಯಾರಿಗೂ ಆಗಲಿಲ್ಲ. ಸಹನ ಬ್ರಷ್ಷು ಕೆಳಗಿಟ್ಟು, ಕೈ ಒರೆಸಿಕೊಂಡು, ಗೇಟು ದಾಟಿ ನಡೆದಿದ್ದಳು. ಪಕ್ಕದ ಮಿಷನ್ನಿನಲ್ಲಿದ್ದ ಶಶಿರೇಖ ತಲೆ ಎತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಇಂದ್ರಾಣಿಗೆ ಮಗಳ ಬಾಯಿಂದ ಇದೆಲ್ಲ ಈಗ ಗೊತ್ತಾಯಿತು. ಅವಳ ಮುಖದ ನಗು ಇಳಿಯಿತು.

"ಪೋದುಂ," ಎಂದಳು. "ಸಾಕಮ್ಮ. ಎತ್ಕೊಂಡೋಗು ನಿನ್ ಅಕ್ಕೀನ."

"ಅಕ್ಕ, ಒಂದ್ ಮಾತು..."

"ಏನ್ ಮಾತು? ತವರಿನವ್ರು ಮಡಿಲು ತುಂಬೋದು ಯಾವಾಗ, ನೀನೇ ಏಳು. ಮಗಳನ್ನ ಕಳಿಸ್ವಾಗ ತಾನೆ? ಇಡ್ಕೊಂಡು ಕೂಡಾಕೋಕೆ ಯಾವ ತಾಯಿ ಅಕ್ಕಿ ತುಂಬ್ತಾಳೆ? ಆ ಶ್ರೀಧರ್‌ನ ಅಮ್ಮ ಇದೂ ಏಳ್ಕೊಟ್ಟಿಲ್ವಾ?"

ಶಶಿರೇಖ ಗಂಟಿನ ಮೇಲೆ ಕೈಯಿಟ್ಟು ಕೂತಳು. ತನ್ನ ತಾಯಿ ನಡುಮನೆಯಲ್ಲಿ ಕೂರಿಸಿ ಮಡಿಲು ತುಂಬಿದ್ದು ನೆನಪಾಯಿತು. ಆಗ ಬಾಗಿಲಲ್ಲಿ ಗಂಡನ ಮನೆಗೆ ಕರೆದೊಯ್ಯುವ ಗಾಡಿ ಕಾಯುತ್ತಿತ್ತು. ಇಷ್ಟು ಮನೆಗಳಿಗೆ ಅಕ್ಕಿ ಹೊತ್ತವಳಿಗೆ ಅದು ಹೊಳೆದಿರಲಿಲ್ಲ.

"ಅಕ್ಕ, ನಾನು ಬರ್ದಿದ್ರೆ ನಿಂಗೆ ಕುರ್ಚಿ ಸಿಗಲ್ವಾ?" ಸಹನ ಕೇಳಿದಳು.

"ಯಾರೇ ಏಳಿದ್ದು?"

"ನಮ್ ಸಾಲಿನ ಕಲ್ಪನ ಫೋನ್ ಮಾಡಿದ್ಲು. ಎಲ್ರಿಗೂ ಗೊತ್ತು."

ಶಶಿರೇಖ ಗಂಟು ಬಿಚ್ಚಿದಳು. "ಸೆರಗು ಒಡ್ಡು."

"ನಾ ಬರಲ್ಲ ಅಂದ್ನಲ್ಲ."

"ಬಾ ಅಂತಿಲ್ಲ ಕಣೇ. ಕಳಿಸ್ತಾ ಇದೀನಿ. ಒಡ್ಡು."

ಚೂಡಿದಾರಕ್ಕೆ ಸೆರಗೆಲ್ಲಿ? ಸಹನ ವೇಲು ಒಡ್ಡಿದಳು. ಶಶಿರೇಖ ಎರಡೂ ಕೈ ತುಂಬಿ ಅಕ್ಕಿ ಸುರಿದಳು. ಕೊಬ್ಬರಿ ಇಟ್ಟಳು, ಬೆಲ್ಲ ಇಟ್ಟಳು. "ಇನ್ನ್ಯಾರೇ ಅಕ್ಕಿ ತಂದ್ರೂ ಆ ಕಂಪ್ನಿ ಬಾಗಿಲಿಗೆ ತಿರುಗಿ ಬರ್‌ಬ್ಯಾಡ" ಎಂದಳು. ಇಂದ್ರಾಣಿ ಒಳಗಿಂದ ಒಂದು ಬಾಟಲಿ ನೀರು ತಂದು ಕೊಟ್ಟಳು. ಶಶಿರೇಖ ಅಭ್ಯಾಸದಂತೆ, ಕುಡಿಯದೆ, ಚೀಲಕ್ಕೆ ಹಾಕಿಕೊಂಡಳು.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಾಗ ಶ್ರೀಧರನ ಫೋನು ಬಂತು.

"ಏನಮ್ಮ, ಬರ್ತಾಳಾ?"

"ಇಲ್ಲ ಸಾರ್. ಮಡಿಲು ತುಂಬಿ ಕಳಿಸ್ಬುಟ್ಟೆ."

"ಕಳಿಸಿದ್ರಾ? ಎಲ್ಲಿಗೆ?"

"ಅವಳಿಷ್ಟ ಬಂದ್ ಕಡೆಗೆ. ನಾನು ಬತ್ತಾ ಇದೀನಿ ಸಾರ್, ಮಧ್ಯಾಹ್ನದ್ ಕೆಲ್ಸಕ್ಕೆ."

ಆ ಕಡೆಯಿಂದ ದನಿ ಏರಿತು. ಕುರ್ಚಿಯ ಮಾತು ಬಂತು, ಅತ್ತೆಯ ಸೀರೆಯ ಮಾತೂ ಬಂತು. ಅವನು ಮುಗಿಸುವ ಮೊದಲೇ ಅವಳು ಫೋನು ಚೀಲಕ್ಕೆ ಹಾಕಿದಳು.

ಸಂಜೆಗೆ ಮುತ್ಯಾಲಮ್ಮನಿಗೆ ಸುದ್ದಿ ಮುಟ್ಟುತ್ತದೆ. ಬಾಲಾಜಿ ಹಾಸಿಗೆಯಿಂದ ಎದ್ದು ಕೂತು ಬುದ್ಧಿ ಹೇಳುತ್ತಾನೆ. ಕಾರ್ಖಾನೆಯಲ್ಲಿ ಬಿಲ್ಲೆ ಇನ್ನೂ ವಿಜಯಕುಮಾರನ ಬೆರಳಲ್ಲೇ ಸುತ್ತುತ್ತಿರುತ್ತದೆ, ಇನ್ನು ಅವಳಿಗಂತೂ ಸುಲಭಕ್ಕೆ ಸಿಗುವುದಿಲ್ಲ. ಇದೆಲ್ಲ ಅವಳಿಗೆ ಗೊತ್ತಿತ್ತು. ಬಿಲ್ಲೆ ಕೇಳದೆಯೇ ಎಲ್ಲರ ಮುಂದೆ ಎದ್ದು ನಡೆದರೆ ಅವನು ಏನು ಮಾಡಬಲ್ಲ ಎಂಬುದಷ್ಟೇ ಗೊತ್ತಿರಲಿಲ್ಲ.

ದೂರದಲ್ಲಿ ರೈಲು ಕೂಗಿತು. ಪ್ಲಾಟ್‌ಫಾರ್ಮಿನಲ್ಲಿ ಅವಳಲ್ಲದೆ ಯಾರೂ ಇರಲಿಲ್ಲ. ಶಶಿರೇಖ ಬಾಟಲಿಯ ಮುಚ್ಚಳ ತಿರುಗಿಸಿ, ತಲೆ ಹಿಂದಕ್ಕೆ ಚೆಲ್ಲಿ, ಒಂದು ಹನಿಯೂ ಉಳಿಸದೆ ಗಟಗಟ ಕುಡಿದಳು.