ಕಲ್ಲೋಳಿಯ ಹೆಬ್ಬೆರಳು, ಗೋಕಾಕದ ಮೂಗು

ನಿಮ್ಮ ಮೂಗು ನೆಟ್ಟಗಿದೆಯೇ? ಕನ್ನಡಿ ನೋಡಿಕೊಂಡು ಬನ್ನಿ, ಕಾಯುತ್ತೇನೆ. ನೆಟ್ಟಗಿದ್ದು, ನೀವು ಕಲ್ಲೋಳಿಯ ನಮ್ಮ ಓಣಿಯವರಾಗಿದ್ದರೆ, ನನ್ನ ಹೆಬ್ಬೆರಳಿಗೊಂದು ನಮಸ್ಕಾರ ಹಾಕಿ. ಅಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆದವಳು ನಾನು. ಎರೆಯುವಾಗ ಎಣ್ಣೆಗೈಯಿಂದ ಮೂಗು ತೀಡಿ ನೆಟ್ಟಗೆ ಮಾಡಿದವಳೂ ನಾನೇ. ಸೊಟ್ಟಗಿದ್ದರೆ ಅದು ನಿಮ್ಮಪ್ಪನ ಮನೆತನದ್ದು, ನನ್ನ ಮೇಲೆ ಹಾಕಬೇಡಿ.

ಅಂಥ ನನಗೆ ಗೋಕಾಕದ ಆಸ್ಪತ್ರೆಯಲ್ಲಿ ಹೇಳಿದ ಮೊದಲ ಮಾತು: "ಆಯಿ, ಕೂಸಿನ ಮೂಗ ಮುಟ್ಟಬ್ಯಾಡ್ರಿ."

ಮಗಳು ಕಸ್ತೂರಿ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಬಿಪಿ ಏರಿತು, ಗೋಕಾಕಕ್ಕೆ ಕರೆತಂದೆವು, ದಿನ ತುಂಬುವುದಕ್ಕೆ ಎಷ್ಟೋ ಮೊದಲೇ ಹೆರಿಗೆಯಾಯಿತು. ಮೊಮ್ಮಗಳಿಗೆ ತಾನೇ ಉಸಿರೆಳೆಯುವಷ್ಟು ಬಲವಿರಲಿಲ್ಲ. ಮೂಗಿಗೆ ಎರಡು ಪುಟ್ಟ ನಳಿಗೆ ಇಟ್ಟು, ಯಂತ್ರದಿಂದ ಗಾಳಿ ಕೊಡುತ್ತಿದ್ದರು. ಯಂತ್ರಕ್ಕೆ ಇಲ್ಲಿ ಸಿಪ್ಯಾಪ್ ಎನ್ನುತ್ತಾರೆ, ನಳಿಗೆಗೆ ಪ್ರಾಂಗ್. ಈ ಊರಿನಲ್ಲಿ ನಾನು ಕಲಿತ ಮೊದಲ ಶಬ್ದಗಳು ಇವೇ.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲೆ ಒಂದು ಕೋಣೆ ಹಿಡಿದೆ. ಕಲ್ಲೋಳಿಯಿಂದ ಗೋಕಾಕ ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದೂರ. ಆದರೂ ಪರದೇಶವೇ. ಊರಲ್ಲಿ ಬಾಗಿಲು ತೆರೆದರೆ ಯಾರಾದರೂ ಬಂದು ಕೂರುತ್ತಾರೆ. ಇಲ್ಲಿ ಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಮುಚ್ಚಿದ ಬಾಗಿಲು. ಅಲ್ಲಿ ನಮ್ಮದೇ ಎಮ್ಮೆಯ ಹಾಲು. ಇಲ್ಲಿನ ಪಾಕೀಟಿನ ಹಾಲಿಗೆ ಚಹಾ ಕೂಡ ಬಣ್ಣ ಕೊಡಲು ಬೇಸರಪಡುತ್ತದೆ. ರೊಟ್ಟಿ ತಟ್ಟುತ್ತಿದ್ದರೆ ಕೆಳಗಿನಿಂದ ಮನೆಯ ಮಾಲಕಿ ಬಂದರು.

"ಏನ ಬಡ್ಯಾಕತ್ತೀರಿ?"

ಬಿಸಿ ರೊಟ್ಟಿ ಕೈಗಿಟ್ಟೆ. ಮರುದಿನ ನಾನು ಹಿಟ್ಟು ಕಲಸುವ ಮೊದಲೇ ಬಂದರು. ಇದು ಇಲ್ಲಿ ನನ್ನ ಮೊದಲ ಗೆಲುವು.

ಕಸ್ತೂರಿಗೆ ಎದ್ದು ಕೂರಲಾಗುತ್ತಿರಲಿಲ್ಲ. ಹಾಗಾಗಿ ಕೂಸನ್ನು ಎದೆಗೆ ಹಚ್ಚಿಕೊಂಡು ಬೆಚ್ಚಗಿಡುವ ಕೆಲಸ ನನಗೆ ಬಂತು. ಹುಕ್ಕೇರಿ ಕಡೆಯ ಸಿಸ್ಟರ್ ಒಬ್ಬರು ಎಲ್ಲ ಸರಿ ಮಾಡಿ ಕೂರಿಸಿ ಹೋದರು. ನೋಡುತ್ತೇನೆ, ನಳಿಗೆಗೂ ಮೂಗಿಗೂ ನಡುವೆ ಸಣ್ಣ ಸಂದಿ. ಸುಂಯ್ ಎಂಬ ಸದ್ದು ಬೇರೆ. ಹೊಲದಲ್ಲಿ ಪೈಪಿನ ಜಾಯಿಂಟು ಹೀಗೆ ಸದ್ದು ಮಾಡಿದರೆ ನಾವೇನು ಮಾಡುತ್ತೇವೆ? ಹೆಬ್ಬೆರಳಿಟ್ಟು ಒತ್ತಿ ಹಿಡಿಯುತ್ತೇವೆ. ನಾನೂ ಹಿಡಿದೆ.

"ಆಯಿ! ಕೈ ತಗೀರಿ!" ಸಿಸ್ಟರ್ ಓಡಿ ಬಂದರು.

"ಗಾಳಿ ಸೋರಾಕತ್ತಿತ್ತವಾ, ಬಿಗಿ ಮಾಡೀನಿ."

"ಇದೇನ ನಿಮ್ಮ ಬೋರಿನ ಪೈಪೇನ್ರಿ? ಆ ಸಂದಿ ನಾವ ಬಿಟ್ಟಿದ್ದು. ಎಷ್ಟೊತ್ತಿಂದ ಒತ್ತೀರಿ?"

"ನೀ ಹೋದಾಗಿಂದ."

ಅವರು ನಳಿಗೆ ಸರಿಸಿ ಬ್ಯಾಟರಿಯ ಬೆಳಕು ಬಿಟ್ಟು ತೋರಿಸಿದರು. ಎರಡು ಹೊಳ್ಳೆಗಳ ನಡುವೆ ಕೆಂಪಗಾಗಿತ್ತು.

"ಈ ನಡುವಿನ ಗ್ವಾಡಿ ಭಾಳ ಎಳೀದ ಐತ್ರಿ. ಒತ್ತಿದ್ರ ಅಲ್ಲಿ ರಕ್ತ ಆಡಂಗಿಲ್ಲ, ಹುಣ್ಣಾಗತೈತಿ. ಹುಣ್ಣ ಒಳಗ ಇಳಿದ್ರ ಗ್ವಾಡೀನ ಹೋಗಿ ಮೂಗ ಕುಂತಬಿಡತೈತಿ."

ಊರವರ ಮೂಗು ಎತ್ತಿದೆನೆಂದು ಮೆರೆದವಳು ಸ್ವಂತ ಮೊಮ್ಮಗಳ ಮೂಗು ಕೆಡವುವುದೇ?

ನಳಿಗೆ ತೆಗೆದು ಸ್ವಲ್ಪ ಕಾಲ ಪುಟ್ಟ ಮಾಸ್ಕ್ ಹಾಕಿದರು. ಹಾಗೆ ಮಾಡಿದರೆ ಒಂದೇ ಜಾಗಕ್ಕೆ ಒತ್ತು ಬೀಳುವುದಿಲ್ಲವಂತೆ. ಅದರಡಿ ಚರ್ಮಕ್ಕೆ ಮೆತ್ತನೆಯ ತೆಳು ಪಟ್ಟಿ ಹಚ್ಚಿದರು. ನಳಿಗೆಯನ್ನು ಹಿಡಿದಿಡುವ ಟೊಪ್ಪಿಗೆ ಸಡಿಲಾಗಿ ಜಗ್ಗುತ್ತಿತ್ತು, ಅದನ್ನೂ ಅಳತೆ ನೋಡಿ ಬದಲಿಸಿದರು. ಆಮೇಲೆ ನನಗೊಂದು ಕೆಲಸ ಕೊಟ್ಟರು: ಸಂದಿ ಮುಚ್ಚಿದಂತೆ ಕಂಡರೆ ಕೂಗಿ ಕರೆಯುವುದು. ಮುಟ್ಟುವುದಲ್ಲ, ನೋಡುವುದು.

"ಅವ್ವಾ, ಕೈ ಸೆರಗಿನಾಗ ಕಟ್ಕೊಂಡ ಕುಂದರ," ಎಂದಳು ಕಸ್ತೂರಿ, ಪಕ್ಕದ ಮಂಚದಲ್ಲಿ ಮಲಗಿದಲ್ಲಿಂದಲೇ.

ಸುಮ್ಮನೆ ನೋಡುತ್ತ ಕೂರುವುದು ಕಳೆ ಕೀಳುವುದಕ್ಕಿಂತ ಕಷ್ಟ. ಆದರೂ ಕುಳಿತೆ. ಕೆಂಪು ದಿನದಿನಕ್ಕೆ ತಿಳಿಯಾಯಿತು, ಚರ್ಮ ಒಡೆಯಲಿಲ್ಲ. ಒಂದು ಮುಂಜಾನೆ ಯಂತ್ರ ತೆಗೆದರು. ಮೂಗು ಇದ್ದಲ್ಲೇ ಇತ್ತು. ಚಪ್ಪಟೆಯೇ, ನಮ್ಮ ಬೀಗರದು. ಇರಲಿ.

ಈಗ ಕೂಸು, ಕಸ್ತೂರಿ, ನಾನು ಮೂವರೂ ಮಾಳಿಗೆಯ ಕೋಣೆಯಲ್ಲಿದ್ದೇವೆ. ಕಣ್ಣು, ಕಿವಿ, ತೂಕ ನೋಡಿಸಲು ಪದೇ ಪದೇ ಹೋಗಬೇಕಾದ್ದರಿಂದ ಹತ್ತಿರವೇ ಇರಲು ಡಾಕ್ಟರು ಹೇಳಿದ್ದಾರೆ. ನನ್ನ ಹೆಬ್ಬೆರಳು ಖಾಲಿ ಇರಬಾರದೆಂದು ಕಸ್ತೂರಿ ಫೋನಿನಲ್ಲಿ ಬರೆಯುವುದನ್ನು ಕಲಿಸಿದಳು. ಅದರ ಫಲವನ್ನು ನೀವು ಅನುಭವಿಸುತ್ತಿದ್ದೀರಿ.

ಮೊನ್ನೆ ಜೋಳ ತರಲು ಕಲ್ಲೋಳಿಗೆ ಹೋಗಿದ್ದೆ. ಬಾಜೂ ಮನೆಯ ನಿಂಗವ್ವನಿಗೆ ಮೊಮ್ಮಗ ಹುಟ್ಟಿದ್ದಾನೆ, ದಿನ ತುಂಬಿದ ಗಟ್ಟಿ ಕೂಸು. ನನ್ನನ್ನು ಕಂಡದ್ದೇ ಎಣ್ಣೆಯ ಬಟ್ಟಲು ತಂದಳು. ಕಾಲ ಮೇಲೆ ಮಲಗಿಸಿಕೊಂಡು ಚೆಂದಾಗಿ ಎರೆದೆ. ಮೂಗು ಮಾತ್ರ ಮುಟ್ಟಲಿಲ್ಲ.

"ಯಾಕ ಯಕ್ಕಾ, ಮೂಗ ಬಿಟ್ಟಿ?"

"ಇದ್ದಂಗ ಇರಲಿ ನಿಂಗವ್ವಾ. ಗೋಕಾಕದಾಗ ಮೂಗಿಗೆ ಯಾರೂ ಕೈ ಹಚ್ಚಂಗಿಲ್ಲ."

ಅವಳು ನನ್ನ ಕಾಲ ಮೇಲಿಂದ ಕೂಸನ್ನು ಎತ್ತಿಕೊಂಡಳು.

"ಹಂಗಾರ ಸಂಜಿ ಬಸ್ಸಿಗೆ ನಿಮ್ಮೂರಿಗೆ ಹೋಗವಾ. ನಮ್ಮೂರ ಮೂಗ ನಾವ ತೀಡ್ಕೋತೀವಿ."