ಅಂಜಿದ ಜಾಗದ ಮಣ್ಣು

ನನ್ನ ತಂಗಿಯ ಮಗಳು ಲಿಂಗಸುಗೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಹೋದ ವರ್ಷ ಸಂಶೋಧನೆಗೆಂದು ಓದಲು ಕುಳಿತವಳು ಊಟವನ್ನೇ ಬಿಟ್ಟಳು. ಕೇಳಿದರೆ ‘ಅಂಜಿಕಿ ಬರ್ತೈತಿ’ ಎಂಬುದೊಂದೇ ಮಾತು. ಸಿಂಧನೂರಿನಿಂದ ತಂಗಿ ಫೋನಿನಲ್ಲಿ ಅತ್ತಳು: ‘ಅಕ್ಕಾ, ಹುಡುಗಿ ಕಡ್ಡಿಯಾಗ್ಯಾಳ. ದವಾಖಾನಿಯವ್ರು ಏನೂ ಇಲ್ಲ ಅಂತಾರ. ನಿಮ್ಮ ಓಣಿ ನಾನಿಗೆ ಒಮ್ಮೆ ತೋರ್ಸು.’

ನಾನಿ ಎಂದರೆ ಮಸ್ಕಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಸಾಬರ ಮುದುಕಿ. ಎಲ್ಲಿ ಅಂಜಿದರೋ ಆ ಜಾಗದ ಮಣ್ಣು ಒಂದು ಚಿಟಿಕೆ ತರಿಸಿ, ದುವಾ ಓದಿ ಊದಿ, ಹಣೆಗೆ ಹಚ್ಚುತ್ತಾಳೆ. ನನ್ನ ಮಗ ಬಾವಿ ಇಣುಕಿ ಅಂಜಿದಾಗ ಬಾವಿಕಟ್ಟೆಯ ಮಣ್ಣನ್ನು ನಾನೇ ತಂದುಕೊಟ್ಟಿದ್ದೆ.

ಹುಡುಗಿಯನ್ನು ಕರೆಸಿ ನಾನಿಯ ಅಂಗಳದಲ್ಲಿ ಕೂರಿಸಿದೆ.

‘ಎಲ್ಲಿ ಅಂಜಿದಿ ಬೇಟಾ? ಜಾಗಾ ಹೇಳು.’

‘ಜಾಗಾ ಇಲ್ರೀ ನಾನಿ.’

‘ಜಾಗಾ ಇಲ್ದ ಅಂಜಿಕಿ ಎಲ್ಲಿಂದ ಬರ್ತೈತಿ? ಯಾರನ್ನರ ನೋಡಿ ಅಂಜಿಯೇನು? ವರಾ ಗಿರಾ?’

ನಾನು ನಕ್ಕೆ. ಹುಡುಗಿ ನಗಲಿಲ್ಲ.

‘ನಮಗ ಗೊತ್ತಿರೋ ಕಣಗಳಾಚೆಗೆ ಒಂದು ಕ್ಷೇತ್ರ ಇರಬಹುದ್ರೀ. ಕ್ಷೇತ್ರ ಅಂದ್ರ ಕಣ್ಣಿಗೆ ಕಾಣದ ಶಕ್ತಿ, ಎಲ್ಲಾ ಕಡೆ ತುಂಬಿರ್ತೈತಿ. ನಮ್ಮ ಕಾಲುವಿ ನೀರು ಒಡ್ಡಿಗೆ ತಡದು ಮ್ಯಾಲೆ ನಿಂತಿರ್ತೈತಲ್ಲ, ಹಂಗ. ಎಲ್ಲ್ಯಾರ ಒಂದು ಕಡೆ ಒಡ್ಡು ಒಡದು ಅದು ಕೆಳಗ ಇಳೀತಂದ್ರ, ಆ ಒಡಕು ಬೆಳಕಿನ ವೇಗದಾಗ ಅಗಲಾಕ್ಕೊಂತ ಬರ್ತೈತಿ. ಬಂತು ಅಂತ ಗೊತ್ತಾಗೂದ್ರಾಗ ನಾವಾ ಇರಂಗಿಲ್ಲ.’

‘ಅಂದ್ರ, ಈ ಅಂಗಳದಾಗೂ ಐತಿ?’

‘ಇದ್ರ ಇಲ್ಲೂ ಐತಿ. ನಿಮ್ಮ ಮೈಯಾಗೂ.’

ನೆಲದ ಮೇಲೆ ಊರಿದ್ದ ಕೈಯನ್ನು ನಾನಿ ಕೆಂಡ ಮುಟ್ಟಿದವರಂತೆ ಎಳೆದುಕೊಂಡಳು. ಎದುರಿನ ಗೋಡೆಯ ಮೇಲೆ ಹಗಲು ಬಿಸಿಲು ಬಿದ್ದಿತ್ತು. ಆ ಬಿಸಿಲಿನ ಜೊತೆಗೇ ಅದೂ ಬಂದುಬಿಟ್ಟರೆ ಎನಿಸಿ ನಾನು ನೆರಳಿಗೆ ಸರಿದೆ. ಹಾವಾದರೆ ಓಡಬಹುದು, ಬೆಂಕಿಯಾದರೆ ಕೂಗಬಹುದು. ಇದಕ್ಕೆ ಮುಖ ಯಾವ ಕಡೆ?

‘ಇದಕ್ಕ ನನ್ನ ಕಡೆ ಮಣ್ಣಿಲ್ಲವ್ವಾ’ ಎಂದಳು ನಾನಿ. ಯಾರನ್ನೂ ಅವಳು ಹಾಗೆ ವಾಪಸು ಕಳಿಸಿದ್ದನ್ನು ನಾನು ಕಂಡಿರಲಿಲ್ಲ.

ಹುಡುಗಿ ಗಾಬರಿಯಾಗಿ ಅವಳ ಕೈ ಹಿಡಿದಳು. ‘ಅಂಜಬ್ಯಾಡ್ರೀ ನಾನಿ. ಅದು ಇನ್ನೂ ಬರೇ ಲೆಕ್ಕದಾಗ ಐತಿ. ಖರೇ ಐತೋ ಇಲ್ಲೋ ಯಾರೂ ಕಂಡಿಲ್ಲ. ಇದ್ರೂ ಸೂರ್ಯ ಆರಿ ಎಷ್ಟೋ ಕಾಲ ಆದ ಮ್ಯಾಲೂ ಏನೂ ಆಗಲಿಕ್ಕಿಲ್ಲ ಅಂತಾರ.’

‘ಸುಳ್ಳ. ಮುದುಕಿನ್ನ ಸಮಾಧಾನ ಮಾಡಾಕತ್ತಿ.’

‘ಖರೇನ ರೀ.’

‘ಖರೇ ಇದ್ರ ನನ್ನ ಮುಂದ ಕುಂತು ಉಣ್ಣು. ಆವಾಗ ನಂಬ್ತೀನಿ.’

ನಾನು ಓಡಿಹೋಗಿ ರೊಟ್ಟಿ, ಪುಂಡಿ ಪಲ್ಯ ತಂದೆ. ಹುಡುಗಿ ತಾಟನ್ನೇ ದಿಟ್ಟಿಸಿದಳು. ನಾನಿ ಅವಳ ಮುಖವನ್ನೇ ದಿಟ್ಟಿಸಿದಳು. ಕೊನೆಗೆ ಹುಡುಗಿ ರೊಟ್ಟಿ ಮುರಿದು, ಕಣ್ಣು ಮುಚ್ಚಿ ಒಂದು ತುತ್ತು ನುಂಗಿದಳು. ನಾನಿಯ ಉಸಿರು ಸಡಿಲಾಯಿತು. ಮತ್ತೊಂದು ತುತ್ತು. ರೊಟ್ಟಿ ಮುಗಿಯುವವರೆಗೂ ಮುದುಕಿ ಅವಳ ಕೈ ಬಿಡಲಿಲ್ಲ.

‘ದೊಡ್ಡವ್ವಾ, ನೀ ಯಾಕ ಉಣವಲ್ಲಿ?’

‘ಆಮ್ಯಾಲೆ’ ಎಂದೆ. ನೀರು ಕುಡಿಯೋಣವೆಂದು ಎತ್ತಿದ ಚೊಂಬು ಹಲ್ಲಿಗೆ ಕಟಕಟ ಬಡಿಯುತ್ತಿತ್ತು.